ಬೈಪಾಸ್ ಮೊದಲು ಆದದ್ದು ಕಾಲಿಗೆ

(ಧ್ವನಿ ಕಂತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಇವತ್ತು ಕಾಪು ಪೇಟೆಯಿಂದ ಶುರು ಮಾಡುವ.

ಇಂಥವರೊಬ್ಬರು ಪ್ರತಿ ಊರಲ್ಲೂ ಇರ್ತಾರೆ, ಹಾಗಾಗಿ ಹೆಸರು ಬೇಡ. ಅರುವತ್ತು ದಾಟಿದ ಮನುಷ್ಯ. ಬಸ್ಸಿಂದ ಇಳಿದು ಮೀನು ಮಾರುಕಟ್ಟೆಯ ಕಡೆಗೆ ಹೊರಡ್ತಾರೆ. ನೂರಿನ್ನೂರು ಹೆಜ್ಜೆ ಆಗುವಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಳ್ತದೆ, ಯಾರೋ ಒಳಗಿಂದ ಹಿಂಡಿದ ಹಾಗೆ. ನಿಲ್ಲಲೇಬೇಕು. ಸುಮ್ಮನೆ ನಿಂತರೆ ದಾರಿಹೋಕರು ಬಿಡ್ತಾರಾ, ‘ಎಂತ ಆಯ್ತು ಮಾರಾಯ್ರೆ’ ಅಂತ ಕೇಳಿಯೇ ಕೇಳ್ತಾರೆ. ಅದಕ್ಕೆ ಇವರು ಗೋಡೆಗೆ ಹಚ್ಚಿದ ಯಕ್ಷಗಾನ ಮೇಳದ ಪೋಸ್ಟರು ಓದುವವರ ಹಾಗೆ ನಿಲ್ತಾರೆ. ಎರಡು ಮೂರು ನಿಮಿಷ. ನೋವು ಮಾಯ. ಮತ್ತೆ ನೂರಿನ್ನೂರು ಹೆಜ್ಜೆ, ಮತ್ತೊಂದು ಪೋಸ್ಟರು.

ಜರ್ಮನರು ಈ ಕಾಯಿಲೆಗೆ ಆಡುಮಾತಿನಲ್ಲಿ ಇಟ್ಟ ಹೆಸರು ‘ಅಂಗಡಿ ಗಾಜಿನ ರೋಗ’. ಅಲ್ಲಿಯ ಮುದುಕರು ಪೋಸ್ಟರಿನ ಬದಲು ಅಂಗಡಿಯ ಗಾಜಿನೊಳಗಿನ ಕೋಟು, ಟೋಪಿ ನೋಡುವ ಹಾಗೆ ನಟಿಸಿ ನಿಲ್ಲುತ್ತಿದ್ದರಂತೆ. ನಾಚಿಕೆ ಎಲ್ಲ ಕಡೆ ಒಂದೇ ನೋಡಿ.

ನಮ್ಮಲ್ಲಿ ಇದಕ್ಕೆ ಹೆಸರೇ ಇಲ್ಲ. ‘ವಾಯು’ ಅಂತಾರೆ, ‘ನರ ಹಿಡಿದದ್ದು’ ಅಂತಾರೆ, ‘ಪ್ರಾಯ ಆಯ್ತಲ್ಲ’ ಅಂತಾರೆ. ಎಣ್ಣೆ ಹಚ್ತಾರೆ. ಇದೇ ನೋವು, ನಡೆದರೆ ಬರುವ ನಿಂತರೆ ಹೋಗುವ ಇದೇ ನೋವು, ಎದೆಯಲ್ಲಿ ಬಂದಿದ್ದರೆ? ಮನೆಮಂದಿ ಅದೇ ದಿನ ಕಾರು ಮಾಡಿಕೊಂಡು ಮಣಿಪಾಲದ ಗುಡ್ಡೆ ಹತ್ತಿಸ್ತಿದ್ದರು. ‘ಆಂಜಿಯೋ ಮಾಡಿಸಿದ್ರಾ, ಸ್ಟೆಂಟ್ ಹಾಕಿದ್ರಾ, ಬೈಪಾಸ್ ಬೇಕಂತಾ’ ಎಂದು ಕೇಳುವಷ್ಟು ಜ್ಞಾನ ಉಡುಪಿಯ ರಿಕ್ಷಾ ಸ್ಟ್ಯಾಂಡಿನಲ್ಲೂ ಉಂಟು. ಈ ಪದಗಳೆಲ್ಲ ಹೃದಯದ್ದು ಅಂತಲೇ ನಾವು ತಿಳಿದಿದ್ದೇವೆ.

ಆದರೆ ಇತಿಹಾಸ ತಿರುಗಿಸಿ ನೋಡಿದರೆ ವಿಷಯ ಉಲ್ಟಾ. ಬೈಪಾಸ್ ಮೊದಲು ನೆಲೆ ಕಂಡದ್ದು ಕಾಲಿನಲ್ಲಿ. ಬಲೂನು ಮೊದಲು ಉಬ್ಬಿದ್ದು ಕಾಲಿನಲ್ಲಿ. ಸ್ಟೆಂಟಿನ ಪೂರ್ವಜನಾದ ಸುರುಳಿ ತಂತಿಯನ್ನು ಮೊದಲು ಇಟ್ಟದ್ದು ನಾಯಿಯ ಕಾಲಿನ ರಕ್ತನಾಳದಲ್ಲಿ. ಹೃದಯ ಇದನ್ನೆಲ್ಲ ಕಾಲಿನಿಂದ ಸಾಲ ತೆಗೆದುಕೊಂಡು ಹೆಸರು ಮಾಡಿತು. ಕಾಲು ಹಿಂದೆ ಉಳಿಯಿತು. ಇವತ್ತಿನ ಕಥೆ ಅದು.

ಮೊದಲು ಒಂದು ಕುದುರೆ. 1831ರ ಪ್ಯಾರಿಸ್. ಗಾಡಿ ಎಳೆಯುವ ಹೆಣ್ಣುಕುದುರೆಯೊಂದು ಲಾಯದಿಂದ ಹೊರಡುವಾಗ ಚೆನ್ನಾಗಿಯೇ ಇರುತ್ತಿತ್ತು. ಸ್ವಲ್ಪ ದೂರ ಓಡಿದ ಮೇಲೆ ಹಿಂಗಾಲು ಕುಂಟುತ್ತಿತ್ತು. ವಿಶ್ರಾಂತಿ ಕೊಟ್ಟರೆ ಮತ್ತೆ ಸರಿ. ಅದು ಸತ್ತ ಮೇಲೆ ಬೂಲೇ ಎಂಬ ಪಶುವೈದ್ಯ ಕೊಯ್ದು ನೋಡಿದ. ಹಿಂಗಾಲಿನ ದೊಡ್ಡ ಅಪಧಮನಿ ಮುಚ್ಚಿಹೋಗಿತ್ತು. ಸ್ನಾಯು ಸುಮ್ಮನಿರುವಾಗ ಅದಕ್ಕೆ ಬೇಕಾದಷ್ಟು ರಕ್ತ ಹೇಗೋ ಬರುತ್ತಿತ್ತು, ಓಡುವಾಗ ಸಾಲುತ್ತಿರಲಿಲ್ಲ. ಮನುಷ್ಯನ ಕಾಲಿನಲ್ಲೂ ಇದೇ ನಡೆಯುತ್ತದೆ ಎಂದು ಅದೇ ಪ್ಯಾರಿಸಿನ ಶಾರ್ಕೋ ಬರೆದದ್ದು 1858ರಲ್ಲಿ. ಅಂದರೆ ನಮ್ಮ ಕಾಪುವಿನ ಹಿರಿಯರ ರೋಗನಿರ್ಣಯವನ್ನು ಮೊದಲು ಮಾಡಿದ್ದು ಕುದುರೆಯ ಡಾಕ್ಟರು.

ಈ ‘ಹೇಗೋ ಬರುತ್ತಿತ್ತು’ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಟಪಾಡಿಯಲ್ಲಿ ಹೆದ್ದಾರಿ ಬಂದ್ ಆಯಿತು ಅಂದುಕೊಳ್ಳಿ. ಕಾಪುವಿನಿಂದ ಉಡುಪಿಗೆ ಹೋಗುವವರು ಶಿರ್ವದ ಕಡೆಗೆ ತಿರುಗಿ ಒಳದಾರಿಗಳಲ್ಲಿ ಸುತ್ತಿಕೊಂಡು ಹೋಗ್ತಾರೆ. ನಾಲ್ಕು ಕಾರು, ಎರಡು ಬೈಕು ಆದರೆ ತೊಂದರೆ ಇಲ್ಲ. ಮಲ್ಪೆಯ ಮೀನಿನ ಲಾರಿಗಳೆಲ್ಲ ಅದೇ ದಾರಿಗೆ ಬಂದರೆ ಕಥೆ ಮುಗಿಯಿತು. ಕಾಲಿನಲ್ಲೂ ಹಾಗೇ. ದೊಡ್ಡ ನಾಳ ನಿಧಾನಕ್ಕೆ ಮುಚ್ಚುತ್ತಾ ಬಂದರೆ ಅಕ್ಕಪಕ್ಕದ ಸಣ್ಣ ನಾಳಗಳು ಅಗಲವಾಗಿ ಒಳದಾರಿ ಮಾಡಿಕೊಡ್ತವೆ. ಲಂಡನ್ನಿನ ಜಾನ್ ಹಂಟರ್ 1785ರಲ್ಲೇ ಈ ಒಳದಾರಿಗಳ ಮೇಲೆ ಭರವಸೆ ಇಟ್ಟು, ಮಂಡಿಯ ಹಿಂದೆ ನಾಳ ಉಬ್ಬಿದ್ದ ರೋಗಿಯ ತೊಡೆಯ ಅಪಧಮನಿಯನ್ನು ದಾರ ಹಾಕಿ ಕಟ್ಟಿಬಿಟ್ಟಿದ್ದ. ಕಾಲು ಉಳಿಯಿತು.

ಆದರೆ ಒಳದಾರಿಯೂ ಸಾಲದೆ ಹೋದಾಗ ಏನು? ಆಗ ಕೂತಲ್ಲೂ ನೋವು, ರಾತ್ರಿ ಮಲಗಿದರೆ ನೋವು, ಕಾಲನ್ನು ಮಂಚದಿಂದ ಕೆಳಗೆ ನೇತುಬಿಟ್ಟರೆ ಮಾತ್ರ ಸ್ವಲ್ಪ ಸಮಾಧಾನ. ಬೆರಳ ತುದಿ ಕಪ್ಪಾಗುತ್ತದೆ. ಆ ಹಂತಕ್ಕೆ ಬಂದವರಿಗೆ ನೂರಾರು ವರ್ಷ ಇದ್ದ ಮದ್ದು ಗರಗಸ ಒಂದೇ.

ಯಾಕೆಂದರೆ ರಕ್ತನಾಳವನ್ನು ಕಟ್ಟಲು ಗೊತ್ತಿತ್ತೇ ಹೊರತು ಹೊಲಿಯಲು ಗೊತ್ತಿರಲಿಲ್ಲ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋಗೆ ಲಿಯಾನ್ ನಗರದಲ್ಲಿ ಒಬ್ಬ ಚೂರಿ ಹಾಕಿದ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ತುಂಡಾಗಿತ್ತು. ದೇಶದ ದೊಡ್ಡ ದೊಡ್ಡ ವೈದ್ಯರು ಸುತ್ತ ಇದ್ದರೂ ಅಧ್ಯಕ್ಷ ಸತ್ತ. ಆಗ ಅದೇ ಊರಿನಲ್ಲಿ ಕಲಿಯುತ್ತಿದ್ದ ಅಲೆಕ್ಸಿ ಕಾರೆಲ್ ಎಂಬ ಹುಡುಗನಿಗೆ ಇದು ತಲೆಗೆ ಹೊಕ್ಕಿತು: ಬಟ್ಟೆ ಹೊಲಿಯುತ್ತೇವೆ, ನಾಳ ಯಾಕೆ ಹೊಲಿಯಬಾರದು? ಲಿಯಾನ್ ರೇಷ್ಮೆಯ ಊರು. ಈತ ಕಸೂತಿ ಮಾಡುವ ಮಹಿಳೆಯ ಹತ್ತಿರ ಹೋಗಿ ಅತಿ ಸಪೂರ ಸೂಜಿ, ರೇಷ್ಮೆ ನೂಲು ಹಿಡಿಯಲು ಕಲಿತ. ಉರುಟಾದ ನಾಳವನ್ನು ಮೂರು ಕಡೆ ನೂಲಿನಿಂದ ಎಳೆದು ಹಿಡಿದರೆ ಅದು ತ್ರಿಕೋನವಾಗುತ್ತದೆ, ಆಗ ಒಂದೊಂದು ನೇರ ಅಂಚನ್ನೂ ಸಲೀಸಾಗಿ ಹೊಲಿಯಬಹುದು. ಇಷ್ಟೇ ಉಪಾಯ. 1902ರಲ್ಲಿ ಪ್ರಕಟವಾಯಿತು, 1912ರಲ್ಲಿ ನೊಬೆಲ್ ಬಂತು. (ಇದೇ ಕಾರೆಲ್ ಮುಂದೆ ಮನುಷ್ಯರಲ್ಲಿ ‘ಉತ್ತಮ ತಳಿ’ಯ ಬಗ್ಗೆ ಬರೆದದ್ದನ್ನು ಓದಿದರೆ ಅಸಹ್ಯ ಹುಟ್ಟುತ್ತದೆ. ಕೈ ಚಿನ್ನದ್ದು, ತಲೆ ಬೇರೆ.)

ಹೊಲಿಗೆ ಬಂತು, ಆದರೂ ಕಾಲು ಉಳಿಯಲಿಲ್ಲ. ಹೊಲಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು. ಅದನ್ನು ತಡೆಯುವ ಹೆಪಾರಿನ್ 1916ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿಯ ಪ್ರಯೋಗದಲ್ಲಿ ಕಣ್ಣಿಗೆ ಬಿದ್ದರೂ ರೋಗಿಗಳಿಗೆ ಕೊಡುವಷ್ಟು ಶುದ್ಧವಾಗುವಾಗ 1930ರ ದಶಕ ಬಂದಿತ್ತು. ನಾಳ ಎಲ್ಲಿ ಮುಚ್ಚಿದೆ ಎಂದು ಕಾಣಿಸುವ ಎಕ್ಸ್‌ರೇ ಚಿತ್ರ ಬಂದದ್ದು ಪೋರ್ಚುಗಲ್ಲಿನಿಂದ, 1929ರಲ್ಲಿ. ಲಿಸ್ಬನ್ನಿನ ರೆಯ್ನಾಲ್ದೋ ದೋಸ್ ಸಾಂತೋಸ್ ಬೆನ್ನಿನ ಕಡೆಯಿಂದ ಸೂಜಿ ಚುಚ್ಚಿ ಮಹಾಪಧಮನಿಗೇ ಬಣ್ಣದ ದ್ರವ ಹಾಕಿ ಚಿತ್ರ ತೆಗೆದರು. ಅವರ ಮಗ ಜುಆಂವ್ 1946ರಲ್ಲಿ ತೊಡೆಯ ನಾಳವನ್ನು ಸೀಳಿ, ಒಳಗಿನ ಗಟ್ಟಿ ಪದರವನ್ನು ಹಲಸಿನ ಬೀಜದ ಸಿಪ್ಪೆ ಸುಲಿದ ಹಾಗೆ ಸುಲಿದು ತೆಗೆದರು. ಅಪ್ಪ ದಾರಿ ಕಾಣಿಸಿದ್ದು, ಮಗ ದಾರಿ ಗುಡಿಸಿದ್ದು.

ಈಗ ಮುಖ್ಯ ದಿನಕ್ಕೆ ಬಂದೆವು. 1948ರ ಜೂನ್ 3, ಪ್ಯಾರಿಸ್. ಜಾನ್ ಕುನ್ಲಿನ್ ಎಂಬ ಸರ್ಜನ್ ಮುಂದೆ ಒಬ್ಬ ರೋಗಿ. ಮೊದಲು ಮಾಡಿದ ಶಸ್ತ್ರಚಿಕಿತ್ಸೆಗಳು ಫಲ ಕೊಟ್ಟಿರಲಿಲ್ಲ. ಕುನ್ಲಿನ್ ಮುಚ್ಚಿದ ನಾಳವನ್ನು ಮುಟ್ಟಲೇ ಇಲ್ಲ. ಅದೇ ಕಾಲಿನಿಂದ ಚರ್ಮದಡಿಯ ಉದ್ದನೆಯ ಅಭಿಧಮನಿಯನ್ನು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ನಾಳವನ್ನು, ಬಿಡಿಸಿ ತೆಗೆದರು. ಅಭಿಧಮನಿಯೊಳಗೆ ರಕ್ತ ಕೆಳಗೆ ಇಳಿಯದ ಹಾಗೆ ಒಂದೇ ಕಡೆಗೆ ತೆರೆಯುವ ಕವಾಟಗಳಿರ್ತವೆ. ಆದ್ದರಿಂದ ಅದನ್ನು ತಲೆಕೆಳಗು ಮಾಡಿದರು. ಒಂದು ತುದಿಯನ್ನು ತಡೆಯ ಮೇಲ್ಭಾಗಕ್ಕೆ, ಇನ್ನೊಂದನ್ನು ಕೆಳಭಾಗಕ್ಕೆ, ನಾಳದ ಪಕ್ಕಕ್ಕೆ ತೂತು ಮಾಡಿ ಹೊಲಿದರು. ತುದಿಗೆ ತುದಿ ಹೊಲಿಯದೆ ಪಕ್ಕಕ್ಕೆ ಹೊಲಿದದ್ದರಲ್ಲೇ ಜಾಣತನ ಇರುವುದು. ಇದ್ದ ಒಳದಾರಿಗಳು ಒಂದೂ ಹಾಳಾಗಲಿಲ್ಲ, ಅದರ ಮೇಲೆ ಹೊಸ ರಸ್ತೆಯೊಂದು ಬಂತು. ರಕ್ತ ಪಾದಕ್ಕೆ ಇಳಿಯಿತು.

ಕಾಲಿನ ಬೈಪಾಸ್ ಅಂದರೆ ಇವತ್ತಿಗೂ ಮೂಲದಲ್ಲಿ ಇದೇ.

ಇದರ ಪಕ್ಕಕ್ಕೆ ಇನ್ನೊಂದು ಚಿತ್ರ ಇಟ್ಟು ನೋಡಿ. ಹಳೆಯ ಕಾಲು ರೂಪಾಯಿಯ ನಾಣ್ಯದ ಮೇಲೆ ಮುಖವಿದ್ದ ಆರನೇ ಜಾರ್ಜ್, 1947ರವರೆಗೂ ನಮ್ಮ ಚಕ್ರವರ್ತಿ. ವಿಪರೀತ ಸಿಗರೇಟು. 1948ರ ಕೊನೆಗೆ ಕಾಲು ಜೋಮು ಹಿಡಿದು ನೋಯತೊಡಗಿತು. ಆಸ್ಟ್ರೇಲಿಯಾ ಪ್ರವಾಸ ರದ್ದು. ಕಾಲು ಕತ್ತರಿಸಬೇಕಾದೀತೋ ಎಂಬ ಭಯ. 1949ರ ಮಾರ್ಚ್ 12ರಂದು ಬಕಿಂಗ್‌ಹ್ಯಾಮ್ ಅರಮನೆಯೊಳಗೇ ಆಪರೇಷನ್ ಥಿಯೇಟರ್ ಹೂಡಿ ಎಡಿನ್‌ಬರೋದ ಪ್ರೊಫೆಸರ್ ಲಿಯರ್ಮಂತ್ ಶಸ್ತ್ರಚಿಕಿತ್ಸೆ ಮಾಡಿದರು. ಯಾವುದು? ಬೈಪಾಸ್ ಅಲ್ಲ. ಸೊಂಟದ ಬೆನ್ನುಮೂಳೆಯ ಪಕ್ಕದ ನರದ ಸರಪಣಿಯನ್ನು ಕತ್ತರಿಸುವುದು. ಆ ನರಗಳು ಸಣ್ಣ ನಾಳಗಳನ್ನು ಬಿಗಿಹಿಡಿದಿರ್ತವೆ. ಕತ್ತರಿಸಿದರೆ ನಾಳಗಳು ಸಡಿಲಗೊಂಡು ಚರ್ಮ ಸ್ವಲ್ಪ ಬೆಚ್ಚಗಾಗುತ್ತದೆ. ಮುಚ್ಚಿದ ದೊಡ್ಡ ದಾರಿ ಹಾಗೇ ಮುಚ್ಚಿರುತ್ತದೆ. ಕುನ್ಲಿನ್ ಕೆಲಸ ಆಗಿ ಒಂಬತ್ತು ತಿಂಗಳಾಗಿತ್ತು, ಪ್ಯಾರಿಸ್ ಸಮುದ್ರದ ಆಚೆ ಬದಿಯಲ್ಲೇ ಇತ್ತು, ಆದರೂ ರಾಜನಿಗೆ ಸಿಕ್ಕಿದ್ದು ಹಳೆಯ ಚಿಕಿತ್ಸೆ. ರಾಜನ ಕಾಲು ಉಳಿಯಿತು ಅನ್ನಿ. 1951ರಲ್ಲಿ ಕ್ಯಾನ್ಸರಿಗೆ ಒಂದು ಶ್ವಾಸಕೋಶ ತೆಗೆದರು. 1952ರ ಫೆಬ್ರವರಿಯಲ್ಲಿ ನಿದ್ದೆಯಲ್ಲೇ ಹೃದಯದ ನಾಳ ಕಟ್ಟಿ ತೀರಿಹೋದರು. ಕಾಲು, ಶ್ವಾಸಕೋಶ, ಹೃದಯ. ಹೊಗೆ ಹೋದ ದಾರಿ ಅದು, ಮೊದಲ ಎಚ್ಚರಿಕೆ ಕಾಲಿನಿಂದ ಬಂದಿತ್ತು.

ಅದೇ ಹೊತ್ತಿಗೆ ನಮ್ಮ ಕಡೆ ಏನಿತ್ತು ಎಂದು ಕೇಳ್ತೀರಿ. ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ಇತ್ತು. ಸ್ವಿಟ್ಜರ್ಲೆಂಡಿನಿಂದ ಬಂದ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಶುರುಮಾಡಿದ್ದು. ದೊಡ್ಡ ಆಪರೇಷನ್ ಬೇಕಾದರೆ ಮಂಗಳೂರಿನ ವೆನ್ಲಾಕ್. ಸೇತುವೆಗಳಾಗುವ ಮೊದಲು ಮಂಗಳೂರೆಂದರೆ ಉದ್ಯಾವರ, ಮೂಲ್ಕಿ, ಪಾವಂಜೆ, ಕೂಳೂರು ಅಂತ ಒಂದೊಂದೇ ಹೊಳೆ ದಾಟಿ ಹೋಗುವ ಊರು. ಮಣಿಪಾಲ ಅಂದರೆ ಮುರಕಲ್ಲಿನ ಬೋಳು ಗುಡ್ಡೆ. ಅಲ್ಲಿ 1953ರಲ್ಲಿ ಕಲ್ಯಾಣಪುರದ ಡಾ. ಟಿ.ಎಂ.ಎ. ಪೈ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಸರಕಾರದ ದುಡ್ಡಿಲ್ಲದೆ ಖಾಸಗಿಯಾಗಿ ಮೆಡಿಕಲ್ ಕಾಲೇಜು ಅಂದರೆ ಆಗ ಜನ ನಗುತ್ತಿದ್ದ ಕಾಲ. ದಿನಕ್ಕೆ ಎರಡಾಣೆ ಒಟ್ಟು ಮಾಡುವ ಪಿಗ್ಮಿ ಠೇವಣಿ ಕಂಡುಹಿಡಿದವರ ಗುಂಪಿನವರಿಗೆ ಅದು ದೊಡ್ಡದಾಗಿ ಕಂಡಿರಲಿಕ್ಕಿಲ್ಲ. ಗುಡ್ಡೆಯ ಮೇಲೆ ಪಾಠ ಆಗುತ್ತಿತ್ತು, ರೋಗಿಗಳನ್ನು ನೋಡಿ ಕಲಿಯಲು ವಿದ್ಯಾರ್ಥಿಗಳು ಮಂಗಳೂರಿಗೇ ಹೋಗಬೇಕಿತ್ತು. ಮಣಿಪಾಲದಲ್ಲೇ ಕಸ್ತೂರ್ಬಾ ಆಸ್ಪತ್ರೆ ಆದದ್ದು 1961ರಲ್ಲಿ. ಈಗ ಅದು 2,000ಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ. ಕಾರ್ಕಳದಲ್ಲಿ ಅದೇ ಪೈಗಳ ಹೆಸರಿನ ರೋಟರಿ ಆಸ್ಪತ್ರೆ ಉಂಟು.

ದೊಡ್ಡ ಆಸ್ಪತ್ರೆ ಹತ್ತಿರ ಇರುವುದು ಈ ಕಾಯಿಲೆಗೆ ಯಾಕೆ ಮುಖ್ಯ ಅಂದರೆ, ಕಾಲಿನ ನಾಳದ ಚಿಕಿತ್ಸೆ ಒಬ್ಬನೇ ಸರ್ಜನ್ ಮಾಡುವ ಕೆಲಸ ಅಲ್ಲ. ಹೊಲಿಯುವ ಕೈ ಬೇಕು, ಆಂಜಿಯೋಗ್ರಾಂ ಯಂತ್ರ ಬೇಕು, ಅರಿವಳಿಕೆಯವರು, ರಕ್ತನಿಧಿ, ಹೆಪಾರಿನ್, ರಾತ್ರಿಯಿಡೀ ಪಾದದ ನಾಡಿ ಮುಟ್ಟಿ ನೋಡುವ ನರ್ಸು, ಎಲ್ಲ ಒಂದೇ ಸೂರಿನಡಿ ಬೇಕು.

ಉಪಕರಣಗಳ ಕಥೆ ಮಾತ್ರ ಬಹಳ ಮನೆಮಟ್ಟದ್ದು. ಎಲ್ಲರ ಕಾಲಲ್ಲೂ ಒಳ್ಳೆಯ ಅಭಿಧಮನಿ ಇರುವುದಿಲ್ಲ, ಹೊಟ್ಟೆಯ ಮಟ್ಟದ ದೊಡ್ಡ ನಾಳಕ್ಕೆ ಅದು ಸಾಲುವುದೂ ಇಲ್ಲ. 1950ರ ದಶಕದ ಆರಂಭದಲ್ಲಿ ಹ್ಯೂಸ್ಟನ್ನಿನ ಡಿಬೇಕಿ ಬಟ್ಟೆ ಅಂಗಡಿಗೆ ಹೋಗಿ ನೈಲಾನ್ ಕೇಳಿದರು. ನೈಲಾನ್ ಮುಗಿದಿತ್ತು, ಡೇಕ್ರಾನ್ ಉಂಟು ಅಂದರು. ಅದನ್ನೇ ತಂದು ಹೆಂಡತಿಯ ಹೊಲಿಗೆ ಮಿಷನ್ನಿನಲ್ಲಿ ಕೊಳವೆ ಹೊಲಿದರು; ಚಿಕ್ಕಂದಿನಲ್ಲಿ ತಾಯಿ ಹೊಲಿಗೆ ಕಲಿಸಿದ್ದರಂತೆ. ಅಂಗಡಿಯಲ್ಲಿ ಅವತ್ತು ನೈಲಾನ್ ಇದ್ದಿದ್ದರೆ ಮುಂದೆ ಬಹಳ ಕಾಲುಗಳಿಗೆ ಕಷ್ಟ ಇತ್ತು, ಯಾಕೆಂದರೆ ದೇಹದೊಳಗೆ ನೈಲಾನ್ ಕ್ರಮೇಣ ಬಲ ಕಳೆದುಕೊಳ್ತದೆ.

ಇನ್ನೊಂದು ಮಲ್ಪೆಯವರಿಗೆ ಇಷ್ಟ ಆಗುವ ಕಥೆ. ಕೆಲವೊಮ್ಮೆ ನಾಳ ನಿಧಾನ ಮುಚ್ಚುವುದಲ್ಲ. ಹೃದಯದಲ್ಲಿ ಕಟ್ಟಿದ ಹೆಪ್ಪೊಂದು ಕಳಚಿ ಬಂದು ಕಾಲಿನ ನಾಳದ ಕವಲಿನಲ್ಲಿ ಸಿಕ್ಕಿಬೀಳ್ತದೆ. ಅದನ್ನು ತೆಗೆಯಲು ಹಿಂದೆಲ್ಲ ಕಾಲನ್ನು ಉದ್ದಕ್ಕೆ ಸೀಳುತ್ತಿದ್ದರು, ಬಹಳ ಜನ ಉಳಿಯುತ್ತಿರಲಿಲ್ಲ. ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ಕೈಕೆಲಸದ ಹುಡುಗನಾಗಿ ಇದನ್ನೆಲ್ಲ ನೋಡಿದ್ದ ಥಾಮಸ್ ಫೋಗರ್ಟಿಗೆ ಗಾಳ ಹಾಕುವ ಹುಚ್ಚು. ಗಾಳಕ್ಕೆ ಕೃತಕ ನೊಣ ಕಟ್ಟುವ ಗಂಟು ಅವನಿಗೆ ಬರುತ್ತಿತ್ತು. ಸರ್ಜನ್‌ನ ರಬ್ಬರ್ ಗ್ಲೌಸಿನ ಬೆರಳ ತುದಿ ಕತ್ತರಿಸಿ, ಸಪೂರ ಕೊಳವೆಯ ತುದಿಗೆ ಅದೇ ಗಂಟು ಹಾಕಿ ಕಟ್ಟಿದ. ತೊಡೆಸಂದಿನಲ್ಲಿ ಸಣ್ಣ ಗಾಯ ಮಾಡಿ ಕೊಳವೆಯನ್ನು ಹೆಪ್ಪಿನ ಆಚೆಗೆ ತೂರಿಸುವುದು, ಬಲೂನು ಉಬ್ಬಿಸುವುದು, ಮೆಲ್ಲಗೆ ಎಳೆಯುವುದು. ಬಲೆ ಎಳೆದ ಹಾಗೆ ಹೆಪ್ಪು ಹೊರಗೆ. ರೋಗಿಯ ಮೇಲೆ ಮೊದಲು ಬಳಸಿದ್ದು ಮಣಿಪಾಲದ ಆಸ್ಪತ್ರೆ ತೆರೆದ 1961ರಲ್ಲೇ, ಪ್ರಕಟವಾದದ್ದು 1963ರಲ್ಲಿ. ಇವತ್ತಿಗೂ ಎಲ್ಲ ಕಡೆ ಅದರ ಹೆಸರು ಫೋಗರ್ಟಿ ಕ್ಯಾಥೆಟರ್.

ಆಮೇಲೆ 1964ರ ಜನವರಿ 16. ಅಮೆರಿಕದ ಪೋರ್ಟ್‌ಲೆಂಡ್. 82 ವರ್ಷದ ಅಜ್ಜಿ, ಪಾದದಲ್ಲಿ ವಾಸಿಯಾಗದ ಹುಣ್ಣು, ಬೆರಳು ಕಪ್ಪು. ಸರ್ಜನ್‌ಗಳು ಕಾಲು ತೆಗೆಯಬೇಕು ಅಂದರು, ಅಜ್ಜಿ ಸುತಾರಾಂ ಒಪ್ಪಲಿಲ್ಲ. ಎಕ್ಸ್‌ರೇ ವಿಭಾಗದ ಚಾರ್ಲ್ಸ್ ಡಾಟರ್ ಕರೆಸಿಕೊಂಡು, ತೊಡೆಯ ನಾಳದ ಕಿರಿದಾದ ಜಾಗದ ಮೂಲಕ ತಂತಿ ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪದ ಕೊಳವೆ ಹಾಯಿಸಿ ದಾರಿ ಅಗಲ ಮಾಡಿದರು. ಕೊಯ್ಯಲಿಲ್ಲ, ಹೊಲಿಯಲಿಲ್ಲ. ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು. ಸರ್ಜನ್‌ಗಳಿಗೆ ಇದು ಹಿಡಿಸಲಿಲ್ಲ. ಚಿತ್ರ ಮಾತ್ರ ತೆಗೆಯಿರಿ, ರಿಪೇರಿಗೆ ಕೈಹಾಕಬೇಡಿ ಎಂಬ ಅರ್ಥದ ಚೀಟಿ ಡಾಟರ್‌ಗೆ ಬರುತ್ತಿತ್ತು. ಅಮೆರಿಕದಲ್ಲಿ ‘ಹುಚ್ಚ’ ಅನ್ನಿಸಿಕೊಂಡವರನ್ನು ಯುರೋಪು ಗುರು ಮಾಡಿಕೊಂಡಿತು. ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅಡುಗೆಮನೆಯ ಮೇಜಿನ ಮೇಲೆ ಬಲೂನು ತಯಾರಿಸಿ 1974ರಲ್ಲಿ ಕಾಲಿನ ನಾಳದಲ್ಲಿ ಉಬ್ಬಿಸಿದರು. ಅದೇ ಬಲೂನನ್ನು ಇನ್ನಷ್ಟು ಸಣ್ಣದು ಮಾಡಿ ಹೃದಯಕ್ಕೆ ಒಯ್ದದ್ದು 1977ರಲ್ಲಿ. ಸುರುಳಿ ತಂತಿಯನ್ನು ನಾಯಿಯ ಕಾಲಿನಲ್ಲಿ ಇಟ್ಟು 1969ರಲ್ಲಿ ವರದಿ ಮಾಡಿದ್ದೂ ಡಾಟರ್ ಅವರೇ. 1967ರಲ್ಲಿ ಫಾವಲೋರೋ ಹೃದಯದ ಬೈಪಾಸ್ ಮಾಡಿದಾಗ ನಾಳ ಎಲ್ಲಿಂದ ತಂದರು? ಕಾಲಿನಿಂದ! ಈಗಲೂ ಹೃದಯದ ಆಪರೇಷನ್ ಆದವರ ಕಾಲಿನಲ್ಲಿ ಉದ್ದ ಗೆರೆ ಕಾಣ್ತದೆ. ಮುಂದೆ ಅದೇ ಕಾಲಿಗೆ ಬೈಪಾಸ್ ಬೇಕಾದರೆ ನಾಳ ಹುಡುಕಬೇಕಾಗುತ್ತದೆ, ಅದು ಬೇರೆ ಮಾತು.

ಇಷ್ಟೆಲ್ಲ ಗೆದ್ದ ಮೇಲೂ ನಮ್ಮ ಊರಿನಲ್ಲಿ ಸರ್ಜನ್‌ಗಳ ಕೈಕಟ್ಟಿ ಹಾಕಿದ ಒಂದು ಕಾಯಿಲೆ ಉಂಟು. ಅದನ್ನು ಹೇಳದೆ ಕರಾವಳಿಯ ಕಾಲಿನ ಚರಿತ್ರೆ ಪೂರ್ತಿ ಆಗುವುದಿಲ್ಲ. ಬೀಡಿ.

ಕಾರ್ಕಳ, ಕಾಪು, ಉಡುಪಿಯ ಯಾವ ಹಳ್ಳಿಯವರಿಗೂ ಬೀಡಿಯ ಬಗ್ಗೆ ವಿವರಿಸಬೇಕಾಗಿಲ್ಲ. ಚಾವಡಿಯಲ್ಲಿ ಕಾಲು ಚಾಚಿ ಕೂತ ಹೆಂಗಸರು, ಮಡಿಲಲ್ಲಿ ತಡ್ಪೆ, ಎಲೆ, ಹೊಗೆಸೊಪ್ಪು, ನೂಲು, ಕತ್ತರಿ, ಪಕ್ಕದಲ್ಲಿ ರೇಡಿಯೋ. ಸಂಜೆ ಬ್ರಾಂಚಿಗೆ ಬೀಡಿ ಕೊಂಡುಹೋಗಿ ಪುಸ್ತಕದಲ್ಲಿ ಬರೆಸುವುದು. ಸಾವಿರಕ್ಕೆ ಇಷ್ಟು ಅಂತ ಮಜೂರಿ. 1930ರ ದಶಕದಲ್ಲಿ ಮಂಗಳೂರಿನಲ್ಲಿ ಬೇರೂರಿದ ಈ ಉದ್ಯಮ ಮನೆಮನೆಗೆ ಹಬ್ಬಿತು. ಎಷ್ಟು ಮಕ್ಕಳ ಶಾಲೆಯ ಫೀಸು, ಎಷ್ಟು ಹುಡುಗಿಯರ ಮದುವೆಯ ಚಿನ್ನ, ಎಷ್ಟು ಮನೆಗಳ ಹಂಚಿನ ಮಾಡು ಈ ತಡ್ಪೆಯಿಂದ ಬಂದಿದೆಯೋ. ಬೀಡಿ ಕಟ್ಟುವವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ, ನನಗಂತೂ ಇಲ್ಲ.

ಆದರೆ ಅದೇ ಬೀಡಿ ಎಳೆದ ಗಂಡಸರ ಕಾಲು ಏನಾಯಿತು? ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಲಿಯೋ ಬರ್ಗರ್ ಎಂಬವರು ಕತ್ತರಿಸಿ ತೆಗೆದ 11 ಕೈಕಾಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 1908ರಲ್ಲಿ ಒಂದು ಲೇಖನ ಬರೆದರು. ಮುದುಕರ ಕೊಬ್ಬು ಕಟ್ಟಿದ ನಾಳ ಅಲ್ಲ ಇದು. ಹರೆಯದ, ನಡುವಯಸ್ಸಿನ ಗಂಡಸರು. ಸಣ್ಣ ಮತ್ತು ಮಧ್ಯಮ ನಾಳಗಳು ಉರಿಯೂತ ಬಂದು ಹೆಪ್ಪಿನಿಂದ ಮುಚ್ಚಿಹೋಗಿವೆ. ಬೆರಳ ತುದಿಯಿಂದ ಶುರುವಾಗಿ ಮೇಲೆ ಹತ್ತುತ್ತದೆ. ಬರ್ಗರ್ ಕಾಯಿಲೆ ಎಂದು ಹೆಸರಾಯಿತು. ತಂಬಾಕು ಇಲ್ಲದವರಲ್ಲಿ ಇದು ಕಾಣುವುದೇ ಅಪರೂಪ. ಪಶ್ಚಿಮದಲ್ಲಿ ಅಪರೂಪವಾಗುತ್ತಾ ಹೋದ ಈ ಕಾಯಿಲೆ ಭಾರತದಲ್ಲಿ ಉಳಿಯಿತು, ಅದಕ್ಕೆ ದೊಡ್ಡ ಕಾರಣ ಬೀಡಿ. ‘ಬರೀ ಎಲೆ ಅಲ್ವಾ, ಸಿಗರೇಟಿನಷ್ಟು ಕೆಟ್ಟದಲ್ಲ’ ಎಂಬ ಮಾತು ಸುಳ್ಳು. ಬೀಡಿ ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು, ಒಳಗೆ ಹೋಗುವ ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಹೆಚ್ಚೇ.

ಇಲ್ಲಿ ಕುನ್ಲಿನ್ ಸೋಲ್ತಾರೆ. ಬೈಪಾಸಿಗೆ ರಸ್ತೆಯ ಆ ಕೊನೆಯಲ್ಲಿ ತೆರೆದ ನಾಳ ಇರಬೇಕು, ಹೊಲಿಯಲು ಜಾಗ ಬೇಕು. ಬರ್ಗರ್ ಕಾಯಿಲೆಯಲ್ಲಿ ಮೊದಲು ಹೋಗುವುದೇ ಆ ಕೊನೆ. ಉಡುಪಿಯಿಂದ ಮಣಿಪಾಲಕ್ಕೆ ಚತುಷ್ಪಥ ಮಾಡಿ ಮೇಲೆ ಊರೇ ಇಲ್ಲದಿದ್ದರೆ ಹೇಗೋ ಹಾಗೆ. ಹಾಗಾಗಿ ನಮ್ಮ ದೇಶದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಬೀಡಿ ಸೇದುವವನಿಗೂ ಆರನೇ ಜಾರ್ಜ್‌ಗೆ ಮಾಡಿದ ಅದೇ ನರ ಕತ್ತರಿಸುವ ಆಪರೇಷನ್ ಮಾಡಿದರು. ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನು ಕಾಲಿಗೆ ಇಳಿಸಿ ನೋಡಿದವರೂ ಇದ್ದಾರೆ. ಹುಣ್ಣು ಮಾಯುವುದುಂಟು, ನೋವು ಇಳಿಯುವುದುಂಟು. ಆದರೆ ಬೀಡಿ ಪೂರ್ತಿ ಬಿಟ್ಟವರ ಕಾಲು ಬಹುಮಟ್ಟಿಗೆ ಉಳಿಯಿತು, ದಿನಕ್ಕೆ ಒಂದೆರಡೇ ಅಂತ ಇಟ್ಟುಕೊಂಡವರದ್ದು ಬೆರಳು, ಪಾದ, ಕಣಕಾಲು ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಯಿತು. ಅಡ್ಡೆಯಲ್ಲಿ ಬೀಡಿ ಕಟ್ಟಿ ಗಂಡನ ಆಸ್ಪತ್ರೆಯ ಬಿಲ್ಲು ಕಟ್ಟಿದ ಹೆಂಗಸರಿದ್ದಾರೆ ಅಂದರೆ ಯಾರೂ ಆಶ್ಚರ್ಯಪಡಲಿಕ್ಕಿಲ್ಲ. ಹೀಗೆ ಕಾಲು ಕಳೆದುಕೊಂಡವರಿಗೆ 1960ರ ದಶಕದ ಕೊನೆಗೆ ಜೈಪುರದ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರಬ್ಬರಿನ ಪಾದ ಮಾಡಿಕೊಟ್ಟರು. ಕುಕ್ಕುರುಗಾಲಲ್ಲಿ ಕೂರಬಹುದು, ಗದ್ದೆಯ ಕೆಸರಿಗೆ ಇಳಿಯಬಹುದು, ಚಪ್ಪಲಿ ಇಲ್ಲದೆ ನಡೆಯಬಹುದು. ವಿದೇಶಿ ಮರದ ಕಾಲಿಗೆ ಇದೆಲ್ಲ ಗೊತ್ತೇ ಇರಲಿಲ್ಲ.

ಈಗ ಕಾಲ ಬದಲಾಗಿದೆ. ಬೀಡಿ ಎಳೆಯುವವರು ಕಡಿಮೆ, ಸಕ್ಕರೆ ಕಾಯಿಲೆಯವರು ಜಾಸ್ತಿ. ಸಕ್ಕರೆ ಕಾಯಿಲೆಯ ಕಾಲು ಇನ್ನೂ ಮೋಸದ್ದು. ಮಂಡಿಯ ಕೆಳಗಿನ ಸಪೂರ ನಾಳಗಳಲ್ಲಿ ಸುಣ್ಣ ಕಟ್ಟುತ್ತದೆ, ಜೊತೆಗೆ ನರ ಸತ್ತಿರುವುದರಿಂದ ನೋವೇ ಗೊತ್ತಾಗುವುದಿಲ್ಲ. ಪೋಸ್ಟರಿನ ಮುಂದೆ ನಿಲ್ಲಿಸುವ ಆ ನೋವು ಇದೆಯಲ್ಲ, ಅದೂ ಇಲ್ಲ. ಚಪ್ಪಲಿ ಕಚ್ಚಿದ ಸಣ್ಣ ಗಾಯ ತಿಂಗಳಾದರೂ ಮಾಯದೆ ವಾಸನೆ ಬಂದಾಗ ಮನೆಯವರಿಗೆ ಗೊತ್ತಾಗ್ತದೆ. ಈಗಿನ ಸಪೂರ ಬಲೂನುಗಳು ಪಾದದವರೆಗೂ ಇಳೀತವೆ, ಬೈಪಾಸನ್ನು ಪಾದದ ನಾಳಕ್ಕೇ ಹೊಲಿಯುವವರೂ ಇದ್ದಾರೆ. ಆದರೆ ಅಷ್ಟರಲ್ಲಿ ಪಾದವೇ ಕೊಳೆತಿದ್ದರೆ ರಕ್ತ ತಂದು ಎಲ್ಲಿಗೆ ಹಾಕುವುದು?

ಒಂದು ಗೊಂದಲ ಬಿಡಿಸಿಬಿಡ್ತೇನೆ. ಹೋಟೆಲಿನಲ್ಲಿ ವರ್ಷಗಟ್ಟಲೆ ನಿಂತು ದುಡಿದವರ ಕಾಲಲ್ಲಿ ನೀಲಿಯಾಗಿ ಹಾವಿನಂತೆ ಉಬ್ಬಿದ ನರ ಕಾಣ್ತದಲ್ಲ, ಅದು ಇದಲ್ಲ. ಅದು ವಾಪಸು ಹೋಗುವ ರಕ್ತದ ತೊಂದರೆ, ಕಣ್ಣಿಗೆ ಕಾಣ್ತದೆ. ನಾವು ಮಾತಾಡ್ತಿರುವುದು ಕಾಣದ ನಾಳದ್ದು. ಆದರೆ ಹುಡುಕುವುದು ಕಷ್ಟವಲ್ಲ. ತೋಳಿನ ಬಿಪಿ ನೋಡುವ ಅದೇ ಪಟ್ಟಿಯನ್ನು ಪಾದದ ಗಂಟಿನ ಮೇಲೆ ಕಟ್ಟಿ, ಸಣ್ಣ ಡಾಪ್ಲರ್ ಉಪಕರಣದಿಂದ ಅಲ್ಲಿಯ ಒತ್ತಡ ಅಳೆಯುತ್ತಾರೆ. ಕಾಲಿನ ಸಂಖ್ಯೆಯನ್ನು ತೋಳಿನ ಸಂಖ್ಯೆಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದು ಅರ್ಥ. ಸಕ್ಕರೆ ಕಾಯಿಲೆಯಲ್ಲಿ ಸುಣ್ಣ ಕಟ್ಟಿದ ನಾಳ ಒತ್ತಿದರೂ ಮುಚ್ಚದೆ ಸುಳ್ಳೇ ಹೆಚ್ಚು ತೋರಿಸಬಹುದು, ಆಗ ಹೆಬ್ಬೆರಳಿನ ಒತ್ತಡ ನೋಡ್ತಾರೆ. ತಡೆ ಇದ್ದವರಿಗೆಲ್ಲ ಆಪರೇಷನ್ ಬೇಕೆಂದೇನಿಲ್ಲ. ಹೊಗೆ ಬಿಟ್ಟು, ಮಾತ್ರೆ ತೆಗೆದುಕೊಂಡು, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸ ಮಾಡಿದರೆ ನಡೆಯುವ ದೂರ ಹೆಚ್ಚುವವರು ಬಹಳ ಮಂದಿ. ಕಾರ್ಕಳದ ಗೊಮ್ಮಟ ಬೆಟ್ಟದ ಮೆಟ್ಟಿಲು ಎಷ್ಟು ಹತ್ತಿದಾಗ ಮೀನಖಂಡ ಹಿಡೀತದೆ ಅಂತ ಲೆಕ್ಕ ಇಟ್ಟುಕೊಂಡರೆ ಡಾಕ್ಟರಿಗೆ ಅದೂ ಒಂದು ಮಾಹಿತಿಯೇ.

ಹಠಾತ್ತಾಗಿ ಬರುವುದು ಮಾತ್ರ ಬೇರೆ ಲೆಕ್ಕ. ರಾತ್ರಿ ಎರಡು ಗಂಟೆಗೆ ಒಂದು ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ತಡೆಯಲಾಗದ ನೋವು, ಆಮೇಲೆ ಬೆರಳು ಅಲ್ಲಾಡಿಸಲು ಬಾರದು ಅಂದರೆ ಹೆಪ್ಪು ಬಂದು ಕೂತಿದೆ. ಫೋಗರ್ಟಿಯ ಬಲೂನಿಗೆ ಕೆಲಸ ಮಾಡಲು ಸುಮಾರು 6 ಗಂಟೆ ಸಮಯ ಉಂಟು, ಆಮೇಲೆ ಸ್ನಾಯು ಸಾಯುತ್ತದೆ. ಕಾಪುವಿನಿಂದ ಮಣಿಪಾಲಕ್ಕೆ ಹೋಗಲು ಒಂದು ಗಂಟೆ ಬೇಡ, ಕಾರ್ಕಳದಿಂದಲೂ ಹೆಚ್ಚೆಂದರೆ ಒಂದು ಗಂಟೆ ಚಿಲ್ಲರೆ. ಉಳಿದ ಐದು ಗಂಟೆ ನಮ್ಮಲ್ಲಿ ಹೋಗುವುದು ತೈಲ ತಿಕ್ಕುವುದರಲ್ಲಿ, ಬೆಳಗಾಗಲಿ ನೋಡುವ ಅನ್ನುವುದರಲ್ಲಿ, ಬಿಸಿನೀರಿನ ಚೀಲ ಇಡುವುದರಲ್ಲಿ. ಆ ಚೀಲ ಮಾತ್ರ ಇಡಲೇಬೇಡಿ. ರಕ್ತ ಇಲ್ಲದ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ, ಚರ್ಮ ಸುಟ್ಟುಹೋಗ್ತದೆ.

ಕಾಪುವಿನ ಆ ಹಿರಿಯರನ್ನು ಮುಂದಿನ ಸಲ ಪೋಸ್ಟರಿನ ಮುಂದೆ ಕಂಡರೆ ಆಟ ಯಾವುದು ಅಂತ ಕೇಳಬೇಡಿ, ಕಾಲು ಯಾವುದು ಅಂತ ಕೇಳಿ. ಮುಂದಿನ ವಾರ ಸಿಗುವ.